ಅಡ್ಡಪಟ್ಟಿಗೆ ಹಾಕಿದ ಗಂಟು

ಆ ಗಂಟು ಹಾಕಿದ್ದು ನಮ್ಮತ್ತೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಯಾರಾದರೂ ದೊಡ್ಡ ಗುಟ್ಟು ಹೇಳುವವರಂತೆ ನಿಮ್ಮ ಕಿವಿಯಲ್ಲಿ ಊದುವ ಮೊದಲು ನನ್ನ ಬಾಯಿಂದಲೇ ಕೇಳಿ. ಹಾಕಿದ್ದು ಅವಳು. ಹಾಕಿಸಿದ್ದು ಯಾರು ಎಂದು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ನಾವಿಬ್ಬರೂ ಲಾಂಡ್ರಿಯಲ್ಲಿ ದುಡಿಯುವವರು. ಲಾಂಡ್ರಿ ಅಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿ ಅಲ್ಲ. ಆಸ್ಪತ್ರೆಗಳ ಬಟ್ಟೆ ಲಾರಿಯಲ್ಲಿ ಬಂದು ಬೀಳುವ ಜಾಗ. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಸಾಯುವವರ ಕೊನೆಯ ಉಚ್ಚೆ, ಎಲ್ಲವೂ ಒಂದೇ ಚೀಲದಲ್ಲಿ. ಚೀಲ ಬಿಚ್ಚಿ ವಿಂಗಡಿಸುವಾಗ ಸೂಜಿ ಚುಚ್ಚುತ್ತದೆ. ಒಮ್ಮೊಮ್ಮೆ ಯಾರದೋ ಹಲ್ಲುಸೆಟ್ಟು ಸಿಗುತ್ತದೆ. ನಮ್ಮ ಕೈ ಹಾದು ಹೋದ ಮೇಲೆ ಅದೇ ಬಟ್ಟೆ ಬೆಳ್ಳಗಾಗಿ, ಮಡಿಕೆ ಬಿದ್ದು, ಮತ್ತೆ ಆಸ್ಪತ್ರೆಗೆ ಹೋಗುತ್ತದೆ. ಆ ಬಟ್ಟೆಯನ್ನು ಎಲ್ಲರೂ ಮುಟ್ಟುತ್ತಾರೆ. ನಮ್ಮನ್ನು ಮುಟ್ಟುವುದಿಲ್ಲ. ಬ್ಲೀಚಿನ ವಾಸನೆ ಮೈ ಬಿಟ್ಟು ಹೋಗದ ಕಾರಣ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿಯೇ ಇರುತ್ತದೆ. "ನೋಡೇ, ರಾಣೀರಿಗೆ ಕಾಲು ಚಾಚೋಕೆ ಜಾಗ ಬಿಟ್ಟಿದಾರೆ" ಎಂದು ಅತ್ತೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಕಾಲು ಚಾಚಿ ಕೂರುತ್ತಿದ್ದಳು.

ಅತ್ತೆ ರೋಲರ್ ಮೇಲೆ ಇದ್ದಳು. ರೋಲರ್ ಅಂದರೆ ಉಗಿಯಲ್ಲಿ ಕಾದ ಉಕ್ಕಿನ ಉರುಳೆ, ಇಬ್ಬರು ಉದ್ದುದ್ದ ಮಲಗುವಷ್ಟು ಉದ್ದ. ಅದರ ಮುಂದೆ ಒಂದು ಹಲಗೆ. ಹಲಗೆಯ ಬಲಕ್ಕೊಬ್ಬಳು, ಎಡಕ್ಕೊಬ್ಬಳು ನಿಂತು ಒದ್ದೆ ಬೆಡ್‌ಶೀಟಿನ ಅಂಚು ಎಳೆದು, ಸುಕ್ಕು ತೀಡಿ, ಉರುಳೆಯ ಬಾಯಿಗೆ ಕೊಡಬೇಕು. ಎಡಗಡೆಯವಳ ಕಾಲಿನ ಹತ್ತಿರ ಪೆಡಲ್. ಒಮ್ಮೆ ತುಳಿದರೆ ಬಟ್ಟೆ ಪೂರ್ತಿ ಒಳಗೆ ಹೋಗುವವರೆಗೂ ಉರುಳೆ ತಿರುಗುತ್ತದೆ. ಕೈ ಅಲ್ಲಿದ್ದರೆ ಕೈಯೂ ಹೋಗುತ್ತದೆ. ಯಂತ್ರಕ್ಕೆ ಬಟ್ಟೆ ಯಾವುದು ಚರ್ಮ ಯಾವುದು ಎಂಬ ಭೇದವಿಲ್ಲ.

ಅದಕ್ಕೇ ನಮ್ಮ ಹೆಂಗಸರದು ಒಂದು ಪದ್ಧತಿ. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಸೇರುವ ಮೊದಲಿಂದಲೂ ಇತ್ತು. ಬಲಗಡೆಯವಳು ಎರಡೂ ಕೈ ಹಿಂದಕ್ಕೆ ತೆಗೆದು "ಆಚೆ!" ಎಂದು ಕೂಗಬೇಕು. ಕೈ ಆಚೆ ಬಂತು ಎಂದರ್ಥ. ಎಡಗಡೆಯವಳು ತನ್ನ ಕೈ ತೆಗೆದು "ಆಚೆ!" ಎಂದು ತಿರುಗಿ ಕೂಗಿ, ಆಮೇಲೆ ಪೆಡಲ್ ತುಳಿಯಬೇಕು. ಸೇರಿದ ಮೊದಲ ದಿನ ಎಲ್ಲರಿಗೂ ಕಲಿಸುವುದು ಇದನ್ನೇ. ಕೈ ಒಳಗಿದ್ದಾಗ ಆ ಮಾತು ಬಾಯಿಂದ ಹೊರಡದ ಹಾಗೆ ಅಭ್ಯಾಸವಾಗುತ್ತದೆ. ಮನೆಯಲ್ಲಿ ಬಾಗಿಲು ಹಾಕುವಾಗಲೂ ಅತ್ತೆ "ಆಚೆ!" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಇದಲ್ಲದೆ ಯಂತ್ರದವರೇ ಕೊಟ್ಟ ಒಂದು ಅಡ್ಡಪಟ್ಟಿ ಇತ್ತು. ಉರುಳೆಯ ಬಾಯಿಗೆ ಅಡ್ಡಲಾಗಿ ತೂಗುವ ಕಬ್ಬಿಣದ ಪಟ್ಟಿ. ಬೆರಳು ತಾಗಿದರೆ ಸಾಕು, ಉರುಳೆ ಗಕ್ಕನೆ ನಿಲ್ಲುತ್ತಿತ್ತು. ದಪ್ಪ ಹೊಲಿಗೆಯ ಬಟ್ಟೆ ತಾಗಿದರೂ ನಿಲ್ಲುತ್ತಿತ್ತು. ಹಾಗೆ ನಿಂತಾಗೆಲ್ಲ ನಮಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಒಂದು ಗಳಿಗೆ ಸಿಗುತ್ತಿತ್ತು. ಯಜಮಾನರಿಗೆ ಹೊಟ್ಟೆ ಉರಿಯುತ್ತಿತ್ತು.

ಯಜಮಾನರು ಎನ್ನಬಾರದು, ಮರೆತೆ. ದೊಡ್ಡಣ್ಣ ಎನ್ನಬೇಕು. ಅವರೇ ಹೇಳಿದ್ದು. "ನಾನು ನಿಮಗೆ ಯಜಮಾನ ಅಲ್ಲ, ದೊಡ್ಡಣ್ಣ. ಇದು ಕಾರ್ಖಾನೆ ಅಲ್ಲ, ಮನೆ." ಮೆತ್ತಗಿನ ಮನುಷ್ಯ. ಬೈಯುವುದಿಲ್ಲ, ಕೂಗುವುದಿಲ್ಲ. ಬೈದಿದ್ದರೆ ಅತ್ತೆ ನಾಲ್ಕು ಮಾತು ಹೆಚ್ಚಾಗಿಯೇ ಬೈದು ಲೆಕ್ಕ ಚುಕ್ತಾ ಮಾಡುತ್ತಿದ್ದಳು. ಕೈ ಮುಗಿದುಕೊಂಡು ಬರುವವನ ಎದುರು ಏನು ಮಾಡುವುದು?

ದಿನಾ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಪ್ರಾರ್ಥನೆ. ಮಡಿಸುವ ಮೇಜಿನ ಸುತ್ತ ನಾವೆಲ್ಲ ನಿಲ್ಲಬೇಕು. ದೊಡ್ಡಣ್ಣ ಕಣ್ಣು ಮುಚ್ಚಿ ಹೇಳುತ್ತಿದ್ದರು: "ನನ್ನ ಬಲ ಬಲವಲ್ಲ." ನಾವು ಹೇಳಬೇಕು: "ನೀನೇ ಬಲ." ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ನಾಟಕ ಎಂದು ನಾನು ಹೇಳುವುದಿಲ್ಲ. ನಿಜವಾಗಿಯೇ ಅಳುತ್ತಿದ್ದರೋ ಏನೋ. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಇವತ್ತು ಎರಡು ಲಾರಿ ಹೆಚ್ಚಿಗೆ ಬಂದಿದೆ ಎನ್ನುತ್ತಿದ್ದರು.

ಮೊದಮೊದಲು ಅತ್ತೆ ಪ್ರಾರ್ಥನೆಯಲ್ಲಿ ಆಕಳಿಸುತ್ತಿದ್ದಳು. ಅವಳದು ಕಟ್ಟುಮಸ್ತಾದ ಮೈ. ಹಿಂಡಿದ ಬಟ್ಟೆಯ ಗಾಡಿ ಮೋರಿ ಸಂದಿಗೆ ಸಿಕ್ಕಿಕೊಂಡರೆ ಗಂಡಸರು ಒಬ್ಬರ ಮುಖ ಒಬ್ಬರು ನೋಡುವಾಗ ಅವಳು ಹೋಗಿ ಎತ್ತಿ ಈಚೆ ಇಡುತ್ತಿದ್ದಳು. ಗಂಡ ಸತ್ತಾಗ ಮಗ ಮೊಲೆಗೂಸು. ಕೂಸನ್ನು ಬಟ್ಟೆ ಬುಟ್ಟಿಯಲ್ಲಿ ಮಲಗಿಸಿಕೊಂಡು ದುಡಿದವಳು. "ಬಲ ಬಲವಲ್ಲವಂತೆ! ಈ ಗಾಡಿ ಅವರಪ್ಪ ಎತ್ತಿದ್ನಾ?" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಗು ತಡೆಯಲು ನಾನು ತುಟಿ ಕಚ್ಚಿಕೊಳ್ಳುತ್ತಿದ್ದೆ.

ಅವಳ ಆ ಮಗ, ನನ್ನ ಗಂಡ, ದೂರದ ಊರಿನಲ್ಲಿ ಕೆಲಸ ಇದೆ ಎಂದು ಹೋದವನು ಸುದ್ದಿಯಿಲ್ಲದಂತಾದ. ಅತ್ತೆ ರಜೆಯ ದಿನವೆಲ್ಲ ಹುಡುಕಿದಳು. ಬಸ್ ನಿಲ್ದಾಣ, ಆಸ್ಪತ್ರೆ, ಪೊಲೀಸ್ ಠಾಣೆ, ಹೆಣದ ಮನೆ. ನಾನೂ ಜೊತೆಗೆ ಹೋಗುತ್ತಿದ್ದೆ. ಹೆಣ ತೋರಿಸುವವನು ಮುಸುಕು ತೆಗೆಯುವಾಗೆಲ್ಲ ಅವಳು ನನ್ನ ಕಣ್ಣು ಮುಚ್ಚುತ್ತಿದ್ದಳು, ತಾನು ನೋಡುತ್ತಿದ್ದಳು. ಅಂಥವಳು ಒಂದು ದಿನ ಮಡಿಸುವ ಮೇಜಿಗೆ ತಲೆಯಿಟ್ಟು ಕುಸಿದು ಕೂತಳು. ದೊಡ್ಡಣ್ಣ ಬಂದು ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಮುಟ್ಟದವರ ನಡುವೆ ಆ ಮನುಷ್ಯ ಅವಳ ಕೈ ಹಿಡಿದುಕೊಂಡರು.

"ಸಾಕು ಅಕ್ಕಾ, ಹುಡುಕಬೇಡ. ಹುಡುಕೋದು ಅಂದ್ರೆ ನಿನ್ನ ಕಾಲಿನ ಮೇಲೆ ನಂಬಿಕೆ ಇಟ್ಟ ಹಾಗೆ. ದೇವರ ಮೇಲೆ ಬಿಡು."

ಅವಳು ಬಿಟ್ಟಳು. ಸ್ವಲ್ಪ ದಿನಕ್ಕೆ ಫೋನು ಬಂತು. ನನ್ನ ಗಂಡನೇ. ನಾನು ಚೆನ್ನಾಗಿದ್ದೀನಿ, ಇಲ್ಲಿ ಬೇರೆ ಸಂಸಾರ ಆಗಿದೆ, ಹುಡುಕಬೇಡಿ. ಅಷ್ಟೇ. ನನ್ನ ಎದೆಯ ಮೇಲೆ ಯಾರೋ ಕುದಿಯುವ ನೀರು ಸುರಿದಂತಾಯಿತು. ಅತ್ತೆ ಮಾತ್ರ ಫೋನು ಎದೆಗವಚಿಕೊಂಡು "ಬದುಕಿದಾನೆ, ಬದುಕಿದಾನೆ" ಎಂದು ಕುಣಿದಳು. ದೇವರು ಉತ್ತರ ಕೊಟ್ಟ ಎಂದಳು. ಆ ಉತ್ತರದಲ್ಲಿ ನನ್ನ ಪಾಲಿಗೆ ಏನಿತ್ತು ಎಂದು ಅವಳು ಕೇಳಲಿಲ್ಲ. ಆ ನೋವು ನನಗೆ ಈಗಲೂ ಇದೆ. ಆದರೂ ಆ ರಾತ್ರಿ ನನ್ನನ್ನು ತಬ್ಬಿಕೊಂಡು ಮಲಗಿದವಳು ಅವಳೇ. ಮಗ ಬಿಟ್ಟ ಮೇಲೆ ಸೊಸೆಯನ್ನು ಮನೆಯಲ್ಲಿ ಇಟ್ಟುಕೊಂಡವಳು ಅವಳೇ.

ಅಂದಿನಿಂದ ಅತ್ತೆ ಪ್ರಾರ್ಥನೆಯಲ್ಲಿ ಮುಂದಿನ ಸಾಲಿಗೆ ಬಂದಳು. ಅವಳ ದನಿ ಮೊದಲೇ ದೊಡ್ಡದು. "ನೀನೇ ಬಲ" ಎಂದರೆ ತಗಡಿನ ಚಾವಣಿ ನಡುಗುತ್ತಿತ್ತು.

ಆಮೇಲೆ ದೊಡ್ಡಣ್ಣನವರು ಹೊಸ ಮಾತು ತಂದರು. ಪ್ರಾರ್ಥನೆ ಬೆಳಿಗ್ಗೆ ಮಾತ್ರ ಯಾಕೆ, ಕೆಲಸವೇ ಪ್ರಾರ್ಥನೆಯಾಗಲಿ. "ಆಚೆ ಆಚೆ ಅಂತ ದನ ಓಡಿಸಿದ ಹಾಗೆ ಯಾಕೆ ಕೂಗಬೇಕು? ಬಲಗಡೆಯವರು 'ನನ್ನ ಬಲ ಬಲವಲ್ಲ' ಅನ್ನಿ. ಎಡಗಡೆಯವರು 'ನೀನೇ ಬಲ' ಅಂತ ಪೆಡಲ್ ತುಳೀರಿ. ಕೆಲಸಕ್ಕೆ ಕೆಲಸ, ಪುಣ್ಯಕ್ಕೆ ಪುಣ್ಯ."

ಹೇಳಲು ಚೆಂದವಾಗಿಯೇ ಇತ್ತು. ಲಯ ಸಿಕ್ಕಿತು. ಕೈ ವೇಗವಾಯಿತು. ಬೆಡ್‌ಶೀಟುಗಳು ಸರಸರನೆ ಹೋದವು. ಆದರೆ ಅಡ್ಡಪಟ್ಟಿಗೆ ಭಕ್ತಿ ಇಲ್ಲವಲ್ಲ, ಅದು ಮೊದಲಿನ ಹಾಗೆಯೇ ತಾಗಿದಾಗೆಲ್ಲ ಯಂತ್ರ ನಿಲ್ಲಿಸುತ್ತಿತ್ತು. ಹಾಡು ಅರ್ಧಕ್ಕೆ ಮುರಿಯುತ್ತಿತ್ತು.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ದೊಡ್ಡಣ್ಣ ಬೆಡ್‌ಶೀಟಿನ ಒಂದು ಬಿಳಿ ಪಟ್ಟಿ ಹಿಡಿದುಕೊಂಡು ನಿಂತರು. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. "ಇದರ ಮೇಲೆ ಪ್ರಾರ್ಥನೆ ಮಾಡಿದೀನಿ. ಈ ಕಬ್ಬಿಣದ ಮೇಲೆ ನಂಬಿಕೆ ಇಟ್ಟವರು ಅದನ್ನೇ ನಂಬ್ಕೊಂಡಿರಲಿ. ದೇವರು ಕಾಯ್ತಾನೆ ಅನ್ನೋರು ಮುಂದೆ ಬಂದು ಈ ಬಟ್ಟೇಲಿ ಆ ಅಡ್ಡಪಟ್ಟೀನ ಮೇಲಕ್ಕೆ ಕಟ್ಟಲಿ. ನಾನು ಬಲವಂತ ಮಾಡಲ್ಲ."

ಯಾರೂ ಅಲುಗಲಿಲ್ಲ. ದೊಡ್ಡಣ್ಣ ಅತ್ತೆಯ ಕಡೆ ನೋಡಿದರು. ಬರೀ ನೋಡಿದರು.

ಅತ್ತೆ ಮುಂದೆ ಹೋದಳು. ನಾನು ಅವಳ ಸೆರಗು ಹಿಡಿದೆಳೆದೆ. "ಅತ್ತೆ, ಬೇಡ. ಅದು ನಿನ್ನ ಬೆರಳು ಕಾಯೋ ಪಟ್ಟಿ."

"ನನ್ನ ಮಗನ್ನ ಕಾದವನು ಬೆರಳು ಕಾಯಲ್ವೇನೇ?" ಎಂದಳು. ಸ್ಟೂಲು ಹತ್ತಿ, ಅಡ್ಡಪಟ್ಟಿ ಮೇಲಕ್ಕೆತ್ತಿ, ಚೌಕಟ್ಟಿಗೆ ಬಿಗಿದು ಕಟ್ಟಿದಳು. ಅತ್ತೆಯ ಗಂಟು ಅಂದರೆ ಗಂಟು. ಬಟ್ಟೆಯ ಚೀಲಕ್ಕೆ ಅವಳು ಹಾಕಿದ ಗಂಟನ್ನು ಆಸ್ಪತ್ರೆಯವರು ಕತ್ತರಿಯಲ್ಲೇ ಬಿಡಿಸಬೇಕಿತ್ತು. ದೊಡ್ಡಣ್ಣ ಕಣ್ಣು ಒರೆಸಿಕೊಂಡರು. ಕೈಯನ್ನು ಮಾತ್ರ ಹಿಂದಕ್ಕೇ ಕಟ್ಟಿಕೊಂಡಿದ್ದರು.

ಎಡಗಡೆ ಪೆಡಲ್ ತುಳಿಯುತ್ತಿದ್ದವಳು ಗಿಣಿ. ಬಾಯಿ ಮುಚ್ಚದೆ ಮಾತಾಡುತ್ತಾಳೆಂದು ಆ ಹೆಸರು. ಅವಳೂ ಅತ್ತೆಯೂ ಜೋಡಿ. ಮದುವೆಯಾದವರಿಗಿಂತ ಹೆಚ್ಚು ಕಾಲ ಎದುರುಬದುರು ನಿಂತವರು.

ಅವತ್ತು ಮಧ್ಯಾಹ್ನ. ಹೊರಗೆ ಲಾರಿ ಕಾಯುತ್ತಿತ್ತು. ನಾನು ಮಡಿಸುವ ಮೇಜಿನಲ್ಲಿದ್ದೆ, ನನ್ನ ಮುಖ ಅವರ ಕಡೆಗೇ ಇತ್ತು. ಅತ್ತೆ ಬಟ್ಟೆ ಹಾಸಿದಳು. ಮೂಲೆಯಲ್ಲಿ ಒಂದು ಮಡಿಕೆ ಸಿಕ್ಕಿಕೊಂಡಿತ್ತು. ಬಲಗೈ ಒಳಗೆ ಹಾಕಿ ಅದನ್ನು ಬಿಡಿಸುತ್ತಿದ್ದಳು. ಬಾಯಿ ತನ್ನ ಪಾಡಿಗೆ ಹಾಡುತ್ತಿತ್ತು. "ನನ್ನ ಬಲ ಬಲವಲ್ಲ." ಆ ಸಾಲಿಗೂ ಅವಳ ಕೈಗೂ ಸಂಬಂಧವೇ ಇರಲಿಲ್ಲ. ಕೈ ಎಲ್ಲಿದ್ದರೂ ಆ ಸಾಲು ಬರುತ್ತಿತ್ತು. ಗಿಣಿ ಕಣ್ಣು ಮುಚ್ಚಿ "ನೀನೇ ಬಲ" ಎಂದಳು. ತುಳಿದಳು.

ಅತ್ತೆ ಕೂಗಿದ್ದು "ಆಚೆ!" ಎಂದು. ದೇವರ ಹೆಸರಲ್ಲ, ನನ್ನ ಹೆಸರಲ್ಲ, ಮಗನ ಹೆಸರಲ್ಲ. ಆಚೆ, ಆಚೆ, ಆಚೆ. ಉರುಳೆ ಮುಂಗೈವರೆಗೆ ಎಳೆದುಕೊಂಡ ಮೇಲೆ ಯಾರೋ ಕರೆಂಟು ತೆಗೆದರು. ಕಾದ ಉಕ್ಕು ತಿರುಗುವುದನ್ನು ಬಿಟ್ಟರೂ ಸುಡುವುದನ್ನು ಬಿಡುವುದಿಲ್ಲ. ಉರುಳೆಯನ್ನು ಮೀಟಿ ಎತ್ತುವವರೆಗೆ ನಾನು ಅವಳ ಸೊಂಟ ತಬ್ಬಿಕೊಂಡು ನಿಂತಿದ್ದೆ. ಆ ವಾಸನೆ ಏನೆಂದು ನಾನು ಹೇಳುವುದಿಲ್ಲ. ಅಲ್ಲಿದ್ದ ಯಾರೂ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಮಣಿಕಟ್ಟಿನಿಂದ ಕತ್ತರಿಸಿದರು. ಅವಳನ್ನು ಮಲಗಿಸಿದ್ದು ನಾವೇ ತೊಳೆದ ಬೆಡ್‌ಶೀಟಿನ ಮೇಲೆ. ಅಂಚಿನಲ್ಲಿ ನಮ್ಮ ಲಾಂಡ್ರಿಯ ನೀಲಿ ಗುರುತು ಇತ್ತು. ಎಚ್ಚರವಾದಾಗ ಅತ್ತೆ ಎಡಗೈಯಿಂದ ಆ ಬಟ್ಟೆ ಸವರಿ "ಮಡಿಕೆ ಸರಿಯಾಗಿ ಬಿದ್ದಿಲ್ಲ" ಎಂದಳು. ನಾನು ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತುಬಿಟ್ಟೆ.

ದೊಡ್ಡಣ್ಣ ಮಾರನೆಯ ದಿನವೇ ಬಂದರು. ಹಣ್ಣು ತಂದರು. ಅವಳ ಮಂಚದ ಪಕ್ಕ ಮಂಡಿಯೂರಿ ಕೂತರು. ನರ್ಸುಗಳೆಲ್ಲ ನಿಂತು ನೋಡಿದರು. ಎಂಥ ಯಜಮಾನ!

"ತಪಾಸಣೆ ಅಧಿಕಾರಿ ಬರ್ತಾರೆ ಅಕ್ಕಾ. ಏನೇನೋ ಕೇಳ್ತಾರೆ. ನೀನು ನಿನ್ನ ಬುದ್ಧಿಯಿಂದ ಏನೂ ಉತ್ತರ ಹೇಳೋಕೆ ಹೋಗಬೇಡ. ಸುಮ್ಮನಿರು. ದೇವರು ನನ್ನ ಬಾಯಿಂದ ಎಲ್ಲ ಹೇಳಿಸ್ತಾನೆ. ಕಟ್ಟಿಸಿದ್ದು ನಾನು ಅಂತ ನಾನೇ ಹೇಳ್ತೀನಿ. ನಂಬಿಕೆ ಇದೆ ತಾನೆ?"

"ಇದೆ ಅಣ್ಣಾ" ಎಂದಳು ಅತ್ತೆ.

"ಈಗಲೇ ಬರೆದುಕೊಡಿ" ಎಂದೆ. ದೊಡ್ಡಣ್ಣ ನನ್ನನ್ನು ನೋಡಿ ಮುಗುಳ್ನಕ್ಕರು. "ಪಾಪ, ಚಿಕ್ಕವಳು. ಗಂಡನೂ ಇಲ್ಲ. ಮನಸ್ಸು ಕಹಿಯಾಗಿದೆ" ಎಂದು ಅತ್ತೆಗೆ ಹೇಳಿದರು. ಅತ್ತೆ ನನ್ನನ್ನೇ ಗದರಿದಳು.

ಅಧಿಕಾರಿ ಮೊದಲು ಲಾಂಡ್ರಿಗೆ ಬಂದರು. ಅಷ್ಟರಲ್ಲಿ ಬಿಳಿ ಪಟ್ಟಿ ಕತ್ತರಿಸಿ ಬಿಸಾಡಿದ್ದರು. ಅಡ್ಡಪಟ್ಟಿ ಇಳಿದಿತ್ತು. ಎಣ್ಣೆ ಹಚ್ಚಿದ್ದರು, ಫಳಫಳ ಹೊಳೆಯುತ್ತಿತ್ತು. ನಾನು ಮುಂದೆ ಹೋಗಿ ಇದನ್ನು ಅವತ್ತು ಮೇಲಕ್ಕೆ ಕಟ್ಟಿದ್ದರು ಸ್ವಾಮಿ ಎಂದೆ. ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೇಳಿದರು, "ಯಾರು ಕಟ್ಟಿದ್ದು?"

ಯಾರೂ ಸುಳ್ಳು ಹೇಳಲಿಲ್ಲ. ಅದೇ ಇದರಲ್ಲಿನ ಮೋಸ. ಒಬ್ಬೊಬ್ಬರನ್ನೇ ಕೇಳಿದರು, ಒಬ್ಬೊಬ್ಬರೂ ನಮ್ಮತ್ತೆಯೇ ಎಂದರು. ಯಾರು ಕಟ್ಟು ಅಂದರು ಎಂದು ಅವರು ಕೇಳಲಿಲ್ಲ. ಕಟ್ಟಿಸಿದ್ದು ಇವರು ಎಂದು ನಾನು ಬೆರಳು ತೋರಿಸಿದೆ. ದೊಡ್ಡಣ್ಣ ತಲೆ ತಗ್ಗಿಸಿದರು. "ಅವಳ ಸೊಸೆ ಸಾರ್. ದುಃಖದಲ್ಲಿದಾಳೆ" ಎಂದರು. ಗಿಣಿಯ ಮುಖ ನೋಡಿದೆ. ಗಿಣಿ ಆ ಮಧ್ಯಾಹ್ನದಿಂದ ಮಾತು ಬಿಟ್ಟಿದ್ದಳು. ನೆಲ ನೋಡುತ್ತಿದ್ದಳು.

ಆಮೇಲೆ ಆಸ್ಪತ್ರೆ. ಮಂಚದ ಒಂದು ಕಡೆ ಅಧಿಕಾರಿ, ಇನ್ನೊಂದು ಕಡೆ ದೊಡ್ಡಣ್ಣ. ಕಾಲ ಬಳಿ ನಾನು.

"ಅಡ್ಡಪಟ್ಟಿ ಕಟ್ಟಿದ್ದು ನೀವೇನಾ?"

"ಹೌದು" ಎಂದಳು ಅತ್ತೆ.

"ಯಾರಾದ್ರೂ ಕಟ್ಟು ಅಂದ್ರಾ?"

ಅತ್ತೆ ದೊಡ್ಡಣ್ಣನ ಮುಖ ನೋಡಿದಳು. ಮಾತು ಕೊಟ್ಟಿದ್ದಳಲ್ಲ, ಸುಮ್ಮನಿರುತ್ತೇನೆ ಎಂದು. ದೇವರು ಅವರ ಬಾಯಿಂದ ಹೇಳಿಸುತ್ತಾನೆ ಎಂದು ಕಾದಳು. ದೊಡ್ಡಣ್ಣ ಕೈ ಮುಗಿದು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಏನೋ. ದನಿ ಮಾತ್ರ ಹೊರಡಲಿಲ್ಲ. ನಾನು "ಅತ್ತೆ, ಹೇಳು" ಎಂದು ಕಿರುಚಿದೆ. ನರ್ಸು ನನ್ನ ರಟ್ಟೆ ಹಿಡಿದಳು. ಅತ್ತೆ ಇನ್ನೂ ಅವರ ಬಾಯಿಯನ್ನೇ ನೋಡುತ್ತಿದ್ದಳು, ಔಷಧಿ ಅಂಗಡಿಯ ಕಿಂಡಿ ತೆರೆಯುವುದನ್ನು ಕಾಯುವವರ ಹಾಗೆ.

ಅಧಿಕಾರಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಸ್ವಂತ ನಿರ್ಲಕ್ಷ್ಯ" ಎಂದರು. ಹೊರಟರು. ದೊಡ್ಡಣ್ಣ ಅವರನ್ನು ಕಾರಿನವರೆಗೆ ಬಿಟ್ಟು ಬರಲು ಹೋದರು. ವಾಪಸು ಬರಲಿಲ್ಲ.

ಅತ್ತೆ, "ಮಾತಾಡಲೇ ಇಲ್ಲವಲ್ಲೇ" ಎಂದಳು. ಯಾರನ್ನು ಕುರಿತು ಹೇಳಿದಳು ಎಂದು ನಾನು ಕೇಳಲಿಲ್ಲ. ದೊಡ್ಡಣ್ಣನನ್ನೋ, ಆ ಮೇಲಿನವನನ್ನೋ. ಅವಳು ಇಬ್ಬರಿಗಾಗಿಯೂ ಕಾದಿದ್ದಳು.

ಮನೆಗೆ ಕರೆತಂದೆ. ನಮ್ಮದು ಒಂದೇ ಕೋಣೆ. ಬಾಗಿಲು ತೆರೆದರೆ ಒಲೆ, ಮುಚ್ಚಿದರೆ ಹಾಸಿಗೆ. ಗಾಡಿ ಎತ್ತುತ್ತಿದ್ದವಳಿಗೆ ಈಗ ರವಿಕೆಯ ಗುಂಡಿ ಹಾಕಲು ಆಗುವುದಿಲ್ಲ. ಜಡೆ ನಾನೇ ಹಾಕಬೇಕು. ಬಚ್ಚಲಿಗೆ ಹೋಗಿ ಬಂದರೆ ನಾನೇ ತೊಳೆಯಬೇಕು. ಮೊದಲ ಸಲ ತೊಳೆಯುವಾಗ ಅವಳು ಗೋಡೆಯ ಕಡೆ ಮುಖ ಮಾಡಿ ನಿಂತು, "ಊರವರದೆಲ್ಲ ತೊಳೆದೆ. ನನ್ನದು ತೊಳೆಯೋಕೆ ನೀನು ಬೇಕಾಯ್ತು" ಎಂದಳು. ನಗಿಸಲೆಂದೇ ಹೇಳಿದ ಮಾತು. ನಗು ಬರಲಿಲ್ಲ.

ನನಗೆ ಅವಳ ಮೇಲೂ ಸಿಟ್ಟಿತ್ತು. ಸುಳ್ಳೇಕೆ? ಎಲ್ಲಿಂದ ಬಿದ್ದರೂ ಬೆಕ್ಕಿನ ಹಾಗೆ ತನ್ನ ಕಾಲಿನ ಮೇಲೆ ನಿಲ್ಲುವವಳು, ನನ್ನನ್ನೂ ಹಾಗೆ ನಿಲ್ಲಿಸಿದವಳು, ಯಾರದೋ ಕಣ್ಣೀರಿಗೆ ಕರಗಿ ಕಾಲು ಮಡಚಿಬಿಟ್ಟಳಲ್ಲ ಎಂದು. ಒಂದು ದಿನ ಹೇಳಿಯೇಬಿಟ್ಟೆ. "ದೇವರು ಕೈ ಕಾಯ್ತಾನೆ ಅಂದ್ಯಲ್ಲ, ಎಲ್ಲಿದಾನೆ?"

ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ಮೊಂಡು ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಹೊದಿಸಿದಳು. "ಅವನು ಯಾವತ್ತಾದ್ರೂ ಬಂದು ನನಗೆ ಮಾತು ಕೊಟ್ಟಿದ್ನಾ? ಮಾತು ಕೊಟ್ಟಿದ್ದು ಬೇರೆಯವನು" ಎಂದಳು.

ಲಾಂಡ್ರಿಯಲ್ಲಿ ಅಧಿಕಾರಿಯ ಕಾರಿನ ಧೂಳು ಅಡಗುವ ಮೊದಲೇ ಅಡ್ಡಪಟ್ಟಿ ಮತ್ತೆ ಮೇಲೇರಿತ್ತು. ಈ ಸಲ ಇನ್ನೊಂದು ಬಿಳಿ ಪಟ್ಟಿಯಿಂದ ಕಟ್ಟಿದ್ದು ಹೊಸದಾಗಿ ಸೇರಿದವಳು. ಯಾರು ಹೇಳಿದರು ಎಂದು ಕೇಳಿದರೆ "ದೊಡ್ಡಣ್ಣ ನನ್ನನ್ನ ನೋಡಿದ್ರು" ಎಂದಳು. ಅತ್ತೆಯ ಜಾಗಕ್ಕೆ ನನ್ನನ್ನು ಹಾಕಿದರು. ಬಲಗಡೆ ನಾನು, ಎಡಗಡೆ ಗಿಣಿ. ಒಪ್ಪದಿದ್ದರೆ ಇಬ್ಬರ ಹೊಟ್ಟೆಗೂ ಇಲ್ಲ. ನಾನು ಬಾಯಲ್ಲಿ "ನನ್ನ ಬಲ ಬಲವಲ್ಲ" ಎನ್ನುತ್ತಿದ್ದೆ. ಗಿಣಿ "ನೀನೇ ಬಲ" ಎಂದು ಪಿಸುಗುಟ್ಟಿ, ನನ್ನ ಎರಡೂ ಕೈಗಳನ್ನು ನೋಡಿ, ಆಮೇಲೆ ತುಳಿಯುತ್ತಿದ್ದಳು. ಕೆಲಸ ನಿಧಾನವಾಯಿತು. ದೊಡ್ಡಣ್ಣ ಹತ್ತಿರ ಬಂದು ನಿಂತು, "ಭಯ ಅಂದ್ರೆ ನಂಬಿಕೆ ಕಡಿಮೆ ಅಂತ ತಾಯಿ" ಎಂದು ಮೆತ್ತಗೆ ಹೇಳುತ್ತಿದ್ದರು.

ಹೆಂಗಸರ ಬಾಯಿ ಕಟ್ಟಿದೆ, ಪ್ರಾರ್ಥನೆ ಸಪ್ಪಗಾಗಿದೆ ಎಂದು ಅವರಿಗೆ ಗೊತ್ತಾಯಿತು. ಅದಕ್ಕೇ ಅತ್ತೆಗೆ ಹೇಳಿ ಕಳಿಸಿದರು. ಬಂದು ಎಲ್ಲರ ಮುಂದೆ ನಾಲ್ಕು ಮಾತು ಹೇಳಬೇಕಂತೆ. ಕೈ ಹೋದರೂ ಪ್ರಾಣ ಉಳಿಸಿದ ದೇವರು ದೊಡ್ಡವನು ಎಂದು. ಬಂದರೆ ಬಾಗಿಲ ಬಳಿ ಕೂತು ಚೀಲ ಎಣಿಸುವ ಕೆಲಸ ಕೊಡುತ್ತಾರಂತೆ.

"ಹೋಗಬೇಡ" ಎಂದೆ.

"ಜಡೆ ಹಾಕು" ಎಂದಳು ಅತ್ತೆ.

ಬಸ್ಸಿನಲ್ಲಿ ಅವಳು ಕಾಲು ಚಾಚಲಿಲ್ಲ. ಮಡಚಿ ಕೂತಿದ್ದಳು. ಇವಳೂ ಮುಗಿದಳು, ಮೋಸ ಮಾಡಿದವನ ಬಾಗಿಲಿಗೇ ಹೋಗಿ ಕೂರುತ್ತಾಳೆ ಎಂದುಕೊಂಡೆ.

ಪ್ರಾರ್ಥನೆಗೆ ಎಲ್ಲ ಸೇರಿದ್ದರು. ಅವತ್ತು ಕೆಲಸ ಹೆಚ್ಚು, ಹಾಗಾಗಿ ರೋಲರ್ ನಿಲ್ಲಿಸಿರಲಿಲ್ಲ. ಉಗಿ ಬುಸುಗುಡುತ್ತಿತ್ತು. ನಾನೂ ಗಿಣಿಯೂ ನಮ್ಮ ಜಾಗದಲ್ಲೇ ನಿಂತು ಬಟ್ಟೆ ಕೊಡುತ್ತಲೇ ಪ್ರಾರ್ಥನೆ ಹೇಳಬೇಕಿತ್ತು. ದೊಡ್ಡಣ್ಣ ಅತ್ತೆಯ ಹೆಗಲ ಮೇಲೆ ಕೈಯಿಟ್ಟು ಮುಂದೆ ನಿಲ್ಲಿಸಿದರು. "ನಮ್ಮಕ್ಕ. ದೇವರ ಮಹಿಮೆಗೆ ಸಾಕ್ಷಿ. ಕೈ ಎತ್ತಿ ತೋರಿಸು ಅಕ್ಕಾ."

ಅತ್ತೆ ಕೈ ಎತ್ತಲಿಲ್ಲ. ಹೆಗಲ ಮೇಲಿನ ಕೈಯನ್ನು ಸರಿಸಿದಳು. ಸೀದಾ ರೋಲರ್ ಹತ್ತಿರ ಬಂದಳು. ಕಾಲಿನಿಂದ ಸ್ಟೂಲು ತಳ್ಳಿಕೊಂಡು ಹತ್ತಿದಳು. ಮೊಂಡು ಕೈಯನ್ನು ಚೌಕಟ್ಟಿಗೆ ಒತ್ತಿ ಆಸರೆ ಮಾಡಿಕೊಂಡು, ಎಡಗೈ ಬೆರಳನ್ನು ಗಂಟಿಗೆ ಹಾಕಿದಳು. ಗಂಟು ಬಿಡಲಿಲ್ಲ. ಬಗ್ಗಿ ಹಲ್ಲು ಹಾಕಿದಳು.

"ಅಕ್ಕಾ, ಇಳಿ" ಎಂದರು ದೊಡ್ಡಣ್ಣ. ದನಿ ಇನ್ನೂ ಮೆತ್ತಗೇ ಇತ್ತು.

ಸ್ಟೂಲು ಅಲುಗಿತು. ನಾನು ಬಟ್ಟೆ ಬಿಟ್ಟು ಓಡಿ ಸ್ಟೂಲು ಹಿಡಿದೆ. ಮೇಲೆ ಅವಳು ಹಲ್ಲಿನಿಂದ ಎಳೆಯುತ್ತಿದ್ದಳು. ವಸಡಿನಿಂದ ರಕ್ತ ಬಂದು ಬಿಳಿ ಪಟ್ಟಿಗೆ ಹತ್ತಿತು. ಮೊಂಡು ಕೈಯ ಗಾಯ ಒತ್ತಿ ಅಲ್ಲಿಂದಲೂ ಒಸರಿತು. ಯಾರೂ ಪ್ರಾರ್ಥನೆ ಹೇಳುತ್ತಿರಲಿಲ್ಲ. ಗಂಟು ಬಿಟ್ಟಿತು. ಅಡ್ಡಪಟ್ಟಿ ಠಣ್ಣೆಂದು ಬಿತ್ತು. ರೋಲರ್ ನಿಂತಿತು.

ಅತ್ತೆ ಬಾಯೊಳಗಿನ ನೂಲು ಉಗುಳಿದಳು. "ಅಣ್ಣ ಅಂತಿದ್ದೆ ನಿನ್ನ. ಇವತ್ತಿಗೆ ಮುಗೀತು. ದೇವರ ಕೆಲಸ ದೇವರು ಮಾಡ್ಕೋತಾನೆ. ಕಬ್ಬಿಣ ಮಾಡೋ ಕೆಲಸಾನ ಅವನ ತಲೆಗೆ ಕಟ್ಟಿ, ನನ್ನ ಕೈಲಿ ಗಂಟು ಹಾಕಿಸಿ, ನೀನು ಕೈ ಕಟ್ಕೊಂಡು ನಿಂತ್ಯಲ್ಲೋ! ನಿನ್ನ ಬಾಯಿಂದ ಮಾತಾಡ್ತಾನೆ ಅಂದೆ. ಆ ಬಾಯೇ ತೆಗೀಲಿಲ್ಲ ನೀನು."

"ಯಾರಾದ್ರೂ ಅದನ್ನ ಕಟ್ರಮ್ಮ" ಎಂದರು ದೊಡ್ಡಣ್ಣ. ಒಬ್ಬೊಬ್ಬರನ್ನೇ ನೋಡಿದರು. ಬರೀ ನೋಡಿದರು. ಹೊಸದಾಗಿ ಸೇರಿದವಳು ಮೇಜಿನ ಹಿಂದಕ್ಕೆ ಸರಿದಳು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ.

ಕೊನೆಗೆ ದೊಡ್ಡಣ್ಣ ತಾವೇ ಸ್ಟೂಲು ಹತ್ತಿದರು. ಅತ್ತೆಯ ರಕ್ತ ಹತ್ತಿದ ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು, ಎಲ್ಲರ ಕಣ್ಣೆದುರಿಗೆ, ತಮ್ಮ ಮೆತ್ತನೆಯ ಕೈಯಿಂದ ಅಡ್ಡಪಟ್ಟಿಯನ್ನು ಮೇಲಕ್ಕೆ ಕಟ್ಟಿದರು. ಗಂಟು ಹಾಕಲು ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರೂ ನೋಡಿದೆವು. ಕಟ್ಟಿದ್ದು ಯಾರು ಎಂದು ಇನ್ನು ನಮ್ಮನ್ನು ಯಾರೂ ಕೇಳಬೇಕಿಲ್ಲ.

ಇಳಿದು ಕೈ ಒರೆಸಿಕೊಂಡು, "ತುಳಿ" ಎಂದರು ಗಿಣಿಗೆ. ಆ ದನಿ ನಾವು ಯಾವತ್ತೂ ಕೇಳಿರಲಿಲ್ಲ. ಅದರಲ್ಲಿ ಅಣ್ಣ ಇರಲಿಲ್ಲ.

ಅತ್ತೆ ನನ್ನ ಜಾಗಕ್ಕೆ ಬಂದು ನಿಂತಳು. ಉಳಿದ ಒಂದೇ ಕೈಯನ್ನು ಹಲಗೆಯ ಮೇಲೆ, ಉರುಳೆಯ ಬಾಯಿಯ ಪಕ್ಕಕ್ಕೆ ಇಟ್ಟಳು. ಅವಳು ಮೇಲೆ ನೋಡುತ್ತಿರಲಿಲ್ಲ. ಗಿಣಿಯನ್ನು ನೋಡುತ್ತಿದ್ದಳು. ನಾನು ಹೋಗಿ ನನ್ನ ಕೈಯನ್ನು ಅವಳ ಕೈಯ ಪಕ್ಕದಲ್ಲಿ ಇಟ್ಟೆ. ಉಕ್ಕಿನ ಕಾವು ಉಗುರಿಗೆ ತಾಗುತ್ತಿತ್ತು.

"ತುಳಿ ಅಂದೆ" ಎಂದರು ದೊಡ್ಡಣ್ಣ.

ಗಿಣಿ ಪೆಡಲ್ ಮೇಲಿನ ಕಾಲು ತೆಗೆದಳು. ಅಷ್ಟು ದಿನ ಮುಚ್ಚಿದ ಬಾಯಿ ತೆರೆಯಿತು.

"ಅವರಿಬ್ರೂ ಆಚೆ ಅನ್ನಲಿ. ಆಮೇಲೆ ತುಳೀತೀನಿ."

ಹೊರಗೆ ಹಾರ್ನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ದೊಡ್ಡಣ್ಣ ಅತ್ತೆಯ ಹತ್ತಿರ ಬಂದರು. ಮತ್ತೆ ಕೈ ಮುಗಿದರು. ಕಣ್ಣಲ್ಲಿ ನೀರೂ ಬಂದಿತ್ತು.

"ಅಕ್ಕಾ, ಒಂದು ಮಾತು ಹೇಳು. ಒಂದೇ ಮಾತು."

ಅತ್ತೆ ಹೇಳಲಿಲ್ಲ. ನಾನೂ ಹೇಳಲಿಲ್ಲ.